ಕುಂಬಳದ ಪಾತಿಯಲ್ಲಿ ಕಳೆ: ಕೀಳುವುದೋ, ಮುಚ್ಚುವುದೋ, ಬಿಸಿಲಿಗೆ ಬೇಯಿಸುವುದೋ?

ಸಿಹಿಗುಂಬಳದ ಬಳ್ಳಿ ಒಮ್ಮೆ ಹಬ್ಬಿತೆಂದರೆ ಅದರ ಅಡಿಯಲ್ಲಿ ಕಳೆ ತಲೆಯೆತ್ತುವುದು ಕಷ್ಟ. ಉದ್ದ ತೊಟ್ಟಿನ ಅಗಲ ಎಲೆಗಳು ಒತ್ತೊತ್ತಾಗಿ ಕೊಡೆ ಹಿಡಿದು ನೆಲಕ್ಕೆ ಬಿಸಿಲೇ ಬೀಳದಂತೆ ಮಾಡುತ್ತವೆ. ಪೇಚಾಟವೆಲ್ಲ ಅದಕ್ಕೆ ಮುಂಚಿನ ದಿನಗಳದ್ದು. ಬೀಜ ಊರಿ 5–7 ದಿನಕ್ಕೆ ಮೊಳಕೆ ಬರುತ್ತದೆ. ಮೂರು ವಾರದವರೆಗೆ ಗಿಡ ಕೂತಲ್ಲೇ ಕೂತಿರುತ್ತದೆ. ನಾಲ್ಕನೇ ವಾರಕ್ಕೆ ಬಳ್ಳಿ ಓಡಲು ಶುರುಮಾಡಿ, ಆರನೇ ವಾರದ ಹೊತ್ತಿಗೆ ನೆಲ ಮುಚ್ಚುತ್ತದೆ. ಗುಣಿಯಿಂದ ಗುಣಿಗೆ ಎರಡು ಮೀಟರ್ ಬಿಟ್ಟಿರುತ್ತೇವಲ್ಲ, ಆ ಖಾಲಿ ನೆಲವಷ್ಟೂ ಅಲ್ಲಿಯವರೆಗೆ ಕಳೆಯ ಪಾಲು.

ಹಾಗಾಗಿ ಇಲ್ಲಿ ಹೋಲಿಸುವ ಪ್ರತಿಯೊಂದು ವಿಧಾನಕ್ಕೂ ಕೇಳುವ ಪ್ರಶ್ನೆ ಒಂದೇ: ಮೊದಲ 40–45 ದಿನ ಇದು ನೆಲವನ್ನು ಕಾಯುತ್ತದೆಯೇ? ಅಷ್ಟು ಕಾದರೆ ಸಾಕು, ಉಳಿದದ್ದನ್ನು ಬಳ್ಳಿಯೇ ನೋಡಿಕೊಳ್ಳುತ್ತದೆ. ವರ್ಷವಿಡೀ ಒಂದು ಹುಲ್ಲುಕಡ್ಡಿಯೂ ಕಾಣಬಾರದೆಂದು ಹೊರಟವರು ದುಡ್ಡು, ಬೆನ್ನು ಎರಡನ್ನೂ ಸವೆಸುತ್ತಾರೆ. ಕಾಯಿ ಮಾತ್ರ ಅದಕ್ಕಾಗಿ ಒಂದೂ ಹೆಚ್ಚು ಬಿಡುವುದಿಲ್ಲ.

ಮೊದಲು ಕಳೆಯ ಗುರುತು

ವಿಧಾನ ಆರಿಸುವ ಮುಂಚೆ ಹಿತ್ತಲಿನಲ್ಲಿ ನಾಲ್ಕು ಕಡೆ ಒಂದೊಂದು ಗುದ್ದಲಿ ಮಣ್ಣು ಅಗೆದು ನೋಡಿ. ನಮ್ಮ ಕಡೆಯ ಹಿತ್ತಲುಗಳಲ್ಲಿ ಕಳೆ ಮೂರು ಬಗೆ.

ಒಂದು, ಬೀಜದಿಂದ ಬರುವಂಥದ್ದು: ಕಾಂಗ್ರೆಸ್ ಗಿಡ, ಮುಳ್ಳುಹರಿವೆ, ಅಣ್ಣೆ ಸೊಪ್ಪು, ಉತ್ತರಾಣಿ, ಗೋಣಿ ಸೊಪ್ಪು, ನೆಲನೆಲ್ಲಿ. ಇವು ಎಷ್ಟೇ ಇರಲಿ, ಎಳೆಯದರಲ್ಲಿ ಕೆರೆದರೆ ಅಲ್ಲಿಗೇ ಮುಗಿಯಿತು. ಇವುಗಳಲ್ಲಿ ಗೋಣಿ ಸೊಪ್ಪನ್ನು ಮಾತ್ರ ಕಿತ್ತು ಅಲ್ಲೇ ಬಿಡಬೇಡಿ. ರಸ ತುಂಬಿದ ಅದರ ಕಾಂಡ ಹಸಿ ಮಣ್ಣು ತಾಗಿದರೆ ಮತ್ತೆ ಬೇರು ಬಿಡುತ್ತದೆ. ಅಡುಗೆಮನೆಗೆ ಒಯ್ದರೆ ಒಳ್ಳೆಯ ಪಲ್ಯ, ಸಾರು ಆಗುತ್ತದೆ.

ಎರಡು, ಗರಿಕೆ. ಉತ್ತರ ಕರ್ನಾಟಕದ ಮಾತಿನಲ್ಲಿ ಕರಕಿ. ನೆಲದ ಮೇಲೂ ಓಡುತ್ತದೆ, ಕೆಳಗೂ ಓಡುತ್ತದೆ. ಗುದ್ದಲಿಯಿಂದ ಕೊಚ್ಚಿದರೆ ಪ್ರತಿ ಗಿಣ್ಣೂ ಒಂದು ಹೊಸ ಗಿಡ.

ಮೂರು, ಕೊನ್ನಾರಿ ಗಡ್ಡೆ. ಜೇಕು ಎಂದೂ, ತುಂಗೆ ಹುಲ್ಲು ಎಂದೂ ಕರೆಯುತ್ತಾರೆ. ಮೂರು ಮೂಲೆಯ ದಂಟು, ಹೊಳೆಯುವ ಹಸಿರು ಗರಿ. ಎಳೆದರೆ ಗರಿ ಸುಲಭವಾಗಿ ಕೈಗೆ ಬರುತ್ತದೆ, ಗಡ್ಡೆ ಕೆಳಗೇ ಉಳಿಯುತ್ತದೆ. ಒಂದು ಗಿಡದ ಸುತ್ತ ಒಂದಡಿ ಆಳಕ್ಕೆ ಮಣ್ಣು ಬಿಡಿಸಿ ನೋಡಿ. ಕಡಲೆಕಾಳಿನಿಂದ ಹುಣಸೆಬೀಜದಷ್ಟು ದಪ್ಪದ ಕಪ್ಪು ಗಡ್ಡೆಗಳು, ತಂತಿಯಂಥ ತೆಳು ಬೇರಿಗೆ ಮಣಿ ಪೋಣಿಸಿದ ಹಾಗೆ ಸಾಲಾಗಿ ಸಿಗುತ್ತವೆ. ಆ ಸರ ಇಡಿಯಾಗಿರುವಾಗ ಮೇಲುಗಡೆಯ ಗಡ್ಡೆ ಮಾತ್ರ ಚಿಗುರಿ, ಕೆಳಗಿನವು ಸುಮ್ಮನೆ ಮಲಗಿರುತ್ತವೆ. ಸರ ಕಡಿದ ಕೂಡಲೇ ಒಂದೊಂದು ಗಡ್ಡೆಯೂ ತನ್ನ ಪಾಡಿಗೆ ಚಿಗುರುತ್ತದೆ. ಪವರ್ ಟಿಲ್ಲರ್ ಹೊಡೆಸಿದ ಹಿತ್ತಲಿನಲ್ಲಿ ಮರುವರ್ಷ ಜೇಕು ದುಪ್ಪಟ್ಟಾಗಲು ಇದೇ ಕಾರಣ.

ನಿಮ್ಮಲ್ಲಿ ಬರೀ ಬೀಜದ ಕಳೆಯಿದ್ದರೆ ಮುಂದೆ ಹೇಳುವ ಯಾವ ವಿಧಾನವಾದರೂ ನಡೆಯುತ್ತದೆ, ಅಗ್ಗದ್ದನ್ನು ಆರಿಸಿ. ಗರಿಕೆಯೋ ಜೇಕೋ ಇದ್ದರೆ ಆಯ್ಕೆ ಕಡಿಮೆಯಾಗುತ್ತದೆ.

ಹುಸಿ ಬಿತ್ತನೆ

ಕೈಖರ್ಚಿಲ್ಲದ, ಎಲ್ಲರಿಗೂ ಹೊಂದುವ ದಾರಿ ಇದು. ಬೇರೆ ಏನನ್ನು ಆರಿಸಿದರೂ ಇದನ್ನು ಮೊದಲು ಮಾಡಿಕೊಳ್ಳಿ. ಮಣ್ಣಿನ ಮೇಲಿನ ಎರಡು ಮೂರು ಸೆಂ.ಮೀ.ನಲ್ಲಿರುವ ಕಳೆ ಬೀಜವನ್ನು ನಾವೇ ಮೊಳೆಯಿಸಿ, ಕುಂಬಳ ಊರುವ ಮುಂಚೆಯೇ ತೆಗೆದುಹಾಕುವುದು ಇದರ ಗುಟ್ಟು.

ಅಗೆಯುವುದು, ಗೊಬ್ಬರ ಬೆರೆಸುವುದು ಎಲ್ಲ ಮೊದಲೇ ಆಗಬೇಕು. 45 ಸೆಂ.ಮೀ. ಉದ್ದ, ಅಗಲ, ಆಳದ ಗುಣಿ ತೋಡಿ, 8–10 ಕಿಲೋ ಕಳಿತ ಗೊಬ್ಬರವನ್ನು ಮೇಲ್ಮಣ್ಣಿಗೆ ಬೆರೆಸಿ ತುಂಬಿ. ಬಳ್ಳಿ ಹಬ್ಬುವ ನೆಲವನ್ನೂ ಸಮ ಮಾಡಿ, ಬಿತ್ತಿದ ಮಡಿಗೆ ನೀರು ಕೊಡುವಂತೆ ಪೂರ್ತಿ ನೆನೆಸಿ. 10–12 ದಿನಕ್ಕೆ ಹಸಿರು ಚಾಪೆ ಹಾಸಿದಂತೆ ಕಳೆ ಮೊಳೆಯುತ್ತದೆ. ಬಿಸಿಲಿರುವ ಬೆಳಿಗ್ಗೆ ಎರಡು ಸೆಂ.ಮೀ.ಗಿಂತ ಆಳಕ್ಕೆ ಇಳಿಯದಂತೆ ಅದನ್ನು ಕೆರೆಯಿರಿ. ಮತ್ತೆ ನೀರು, ಮತ್ತೆ ಹತ್ತು ದಿನ, ಮತ್ತೆ ಕೆರೆತ. ಆಮೇಲೆ ಮಣ್ಣು ಕೆದಕದೆ ಬೆರಳಿನಲ್ಲಿ ತೂತು ಮಾಡಿ ಬೀಜ ಊರಿ.

ಮಳೆಗಾಲದ ಬೆಳೆಗಾದರೆ ನೀರಿನ ಕೆಲಸವನ್ನು ಮಳೆಯೇ ಮಾಡಿಕೊಡುತ್ತದೆ. ಕೃತ್ತಿಕೆ ಮಳೆಗೆ ಮೊಳೆತದ್ದನ್ನು ಒಮ್ಮೆ, ರೋಹಿಣಿಗೆ ಮೊಳೆತದ್ದನ್ನು ಇನ್ನೊಮ್ಮೆ ಕೆರೆದು, ಮೃಗಶಿರಕ್ಕೆ ಬೀಜ ಊರಿದರೆ ಲೆಕ್ಕ ಸರಿಹೋಗುತ್ತದೆ.

ಕೆಡುವುದು ಎಲ್ಲಿ? ಎರಡನೇ ಕೆರೆತವಾದ ಮೇಲೆ 'ಮಣ್ಣು ಗಟ್ಟಿಯಾಗಿದೆ, ಇನ್ನೊಂದು ಸಲ ಅಗೆದುಬಿಡೋಣ' ಅನ್ನಿಸುತ್ತದೆ. ಅಗೆದರೆ ಆಳದಲ್ಲಿ ಮಲಗಿದ್ದ ಬೀಜವೆಲ್ಲ ಮೇಲೆ ಬಂದು, ಮೂರು ವಾರದ ಕೆಲಸ ನೀರಿನಲ್ಲಿ ಹೋಮ. ಇನ್ನೊಂದು, ಅರೆಬರೆ ಕಳಿತ ತಿಪ್ಪೆಗೊಬ್ಬರ. ಅದರಲ್ಲೇ ಕಳೆ ಬೀಜದ ಮೂಟೆ ಇರುತ್ತದೆ. ಅನುಮಾನವಿದ್ದರೆ ಒಂದು ಕುಂಡದ ತುಂಬ ಆ ಗೊಬ್ಬರ ಹಾಕಿ ಹತ್ತು ದಿನ ನೀರುಣಿಸಿ ನೋಡಿ. ಏಳೆಂಟು ಮೊಳಕೆಗಿಂತ ಹೆಚ್ಚು ಕಂಡರೆ ಆ ಗೊಬ್ಬರ ಗುಣಿಯ ತಳಕ್ಕಿರಲಿ, ಮೇಲಕ್ಕೆ ಬೇಡ.

ಗರಿಕೆ, ಜೇಕಿಗೆ ಹುಸಿ ಬಿತ್ತನೆ ಸಾಲದು. ಅವು ಎಲ್ಲೆಲ್ಲಿವೆ ಎಂದು ಇದು ತೋರಿಸಿಕೊಡುತ್ತದೆ, ಅಷ್ಟೇ.

ಬಿಸಿಲಿಗೆ ಬೇಯಿಸುವುದು

ಮಾರ್ಚ್‌ನಿಂದ ಮೇ ತನಕ ನೆಲ ಖಾಲಿ ಇರುವವರಿಗೆ, ಅದರಲ್ಲೂ ರಾಯಚೂರು, ಕಲಬುರಗಿ, ಬಳ್ಳಾರಿ, ಚಿತ್ರದುರ್ಗದಂಥ ಬಿಸಿಲಿನ ಊರುಗಳಿಗೆ, ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನೆಲ ಸಮ ಮಾಡಿ, ಹೆಂಟೆ ಒಡೆದು, ಒಂದಡಿ ಆಳದವರೆಗೆ ನೀರುಣಿಸಿ, ಮೇಲೆ ಪಾರದರ್ಶಕ ಪಾಲಿಥೀನ್ ಹಾಳೆ ಹಾಸಬೇಕು. 25ರಿಂದ 50 ಮೈಕ್ರಾನ್ ದಪ್ಪ ಸಾಕು. ಅಂಗಡಿಯವರು ಗೇಜ್ ಲೆಕ್ಕದಲ್ಲಿ ಮಾತಾಡುತ್ತಾರೆ: 100 ಗೇಜ್ ಅಂದರೆ 25 ಮೈಕ್ರಾನ್. ಸುತ್ತ ಒಂದು ಗೇಣು ಆಳದ ಕಾಲುವೆ ತೆಗೆದು, ಹಾಳೆಯ ಅಂಚನ್ನು ಅದರೊಳಗಿಟ್ಟು ಮಣ್ಣು ತುಳಿಯಿರಿ. 4ರಿಂದ 6 ವಾರ ಹಾಗೇ ಇರಲಿ.

ಕಪ್ಪು ಹಾಳೆ ಹೆಚ್ಚು ಬಿಸಿಯಾಗುತ್ತದೆ ಎಂದುಕೊಂಡು ಅದನ್ನೇ ತರುವವರು ಬಹಳ. ಕಪ್ಪು ಹಾಳೆ ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ಪಾರದರ್ಶಕ ಹಾಳೆ ಬಿಸಿಲನ್ನು ಒಳಗೆ ಬಿಟ್ಟು ಶಾಖವನ್ನು ಹಿಡಿದಿಡುತ್ತದೆ. ಒಣ ಮಣ್ಣಿನ ಮೇಲೆ ಹಾಸುವುದು ಇನ್ನೊಂದು ತಪ್ಪು. ತೇವವಿದ್ದರೆ ಶಾಖ ಆಳಕ್ಕಿಳಿಯುತ್ತದೆ, ಬೀಜವೂ ಉಬ್ಬಿ ಬೇಗ ಸಾಯುತ್ತದೆ. ಹಾಳೆಯಲ್ಲಿ ನಾಯಿಯೋ ಬೆಕ್ಕೋ ಉಗುರೂರಿ ತೂತಾದರೆ ಅವತ್ತೇ ಟೇಪು ಹಚ್ಚಿ.

ಬೀಜದ ಕಳೆ ಬಹುಪಾಲು ಹೋಗುತ್ತದೆ, ಗರಿಕೆ ಸೊರಗುತ್ತದೆ, ಆಳದ ಜೇಕಿನ ಗಡ್ಡೆ ಉಳಿಯುತ್ತದೆ. ಮಲೆನಾಡಿನ ಮರದ ನೆರಳಿನ ಹಿತ್ತಲಿಗೆ, ಮೇ ತಿಂಗಳಲ್ಲಿ ದಿನಾ ಮಧ್ಯಾಹ್ನ ಮೋಡ ಕಟ್ಟುವ ಊರಿಗೆ ಇದು ಹೇಳಿದ್ದಲ್ಲ.

ಕೈಕಳೆ

ಎರಡು ಮೂರು ಗುಣಿ ಹಾಕಿದವರಿಗೆ ಕೈಕಳೆಯೇ ಸಾಕು. ವಾರದ ಲೆಕ್ಕ ತಪ್ಪಬಾರದು, ಅಷ್ಟೇ. ಬೀಜ ಊರಿ 12–15ನೇ ದಿನ ಒಂದು ಸಲ, 25ರ ಸುಮಾರಿಗೆ ಎರಡನೆಯದು, 35–40ಕ್ಕೆ ಮೂರನೆಯದು. ಕಳೆ ಎರಡು ನಾಲ್ಕು ಎಲೆಯದಿರುವಾಗ ಹತ್ತಡಿ ಉದ್ದ, ಹತ್ತಡಿ ಅಗಲದ ಮಡಿಗೆ ಅರ್ಧ ಗಂಟೆ ಸಾಕು. ಮೂರು ವಾರ ತಡೆದರೆ ಅದೇ ಮಡಿಗೆ ಅರ್ಧ ದಿನ ಬೇಕು. ಬೇರಿನ ಜೊತೆ ಹೆಂಟೆಯೂ ಏಳುತ್ತದೆ.

ಗಿಡದ ಬುಡದಿಂದ ಒಂದಡಿಯೊಳಗೆ ಕಬ್ಬಿಣ ಬೇಡ, ಬೆರಳಿನಿಂದಲೇ ಕೀಳಿ. ಅದರಾಚೆ ಕುರ್ಚಿಗೆಯನ್ನೋ (ಕಳೆ ಕೆರೆಯುವ ಕೈಸಲಕರಣೆ) ಕಳೆಗುದ್ದಲಿಯನ್ನೋ ನೆಲಕ್ಕೆ ಮಲಗಿಸಿ ಹಿಡಿದು, ಎರಡು ಮೂರು ಸೆಂ.ಮೀ. ಆಳದಲ್ಲೇ ಸರಸರ ಎಳೆಯಿರಿ. ಕುಂಬಳದ ಉಣ್ಣುವ ಬೇರು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಬಳ್ಳಿ ಓಡಿದ ಕಡೆಗೆಲ್ಲ ತಾನೂ ಓಡುತ್ತದೆ. ಆಳಕ್ಕೆ ಕೊಚ್ಚಿದರೆ ಆ ಬೇರೇ ತುಂಡಾಗುತ್ತದೆ. ತುಂಡಾಗಿದೆಯೋ ಇಲ್ಲವೋ ತಿಳಿಯುವುದು ಸಂಜೆಗೆ. ಮಧ್ಯಾಹ್ನದ ಬಿಸಿಲಿಗೆ ಕುಂಬಳದ ಎಲೆ ಬಾಡಿದಂತೆ ಜೋಲುವುದು ಸಹಜ, ಆದರೆ ಹೊತ್ತು ಇಳಿದ ಮೇಲೆ ಚೇತರಿಸಿಕೊಳ್ಳಬೇಕು. ಮಣ್ಣಲ್ಲಿ ತೇವವಿದ್ದೂ ಸಂಜೆ ಎಲೆ ಎದ್ದು ನಿಲ್ಲದಿದ್ದರೆ ಬೇರಿಗೆ ಏಟು ಬಿದ್ದಿರಬಹುದು. ಬುಡದಲ್ಲಿ ಹುಳು, ಕೊಳೆ ಇಲ್ಲವೆಂದು ನೋಡಿಕೊಂಡು, ನಾಲ್ಕೈದು ದಿನ ಬುಡ ಮುಟ್ಟದೆ ನೀರು ತಪ್ಪಿಸದೆ ನೋಡಿಕೊಳ್ಳಿ.

ಕಳೆ ಕೆರೆದ ದಿನ ನೀರು ಹಾಯಿಸಬೇಡಿ. ಬೆಳಿಗ್ಗೆ ಕೆರೆದದ್ದು ಮಧ್ಯಾಹ್ನಕ್ಕೆ ಒಣಗಿ ಸಾಯಬೇಕು.

ಜೇಕಿಗೆ ಕೈಕಳೆಯ ನಿಯಮ ಬೇರೆ. ಅಗೆಯುವ ಅವಕಾಶ ಇರುವುದು ಬಿತ್ತನೆಗೆ ಮುಂಚೆ ಮಾತ್ರ. ಗುದ್ದಲಿಯಲ್ಲಿ ಕೊಚ್ಚದೆ ಮುಳ್ಳುಗುದ್ದಲಿಯನ್ನು ಆಳಕ್ಕೆ ಚುಚ್ಚಿ ಮೀಟಿ, ಮಣ್ಣು ಸಡಿಲಿಸಿ, ಸರ ಕಡಿಯದಂತೆ ಗಡ್ಡೆ ಆರಿಸಿ. ಬಿತ್ತಿದ ಮೇಲೆ ಗಡ್ಡೆಯ ಗೊಡವೆಗೆ ಹೋಗದೆ, 10–12 ದಿನಕ್ಕೊಮ್ಮೆ ಗರಿಯನ್ನು ತಪ್ಪದೆ ಕೀಳಿ. ಹೊಸ ಗಡ್ಡೆ ಕಟ್ಟಲು ಅದಕ್ಕೆ ಎಲೆ ಬೇಕು. ಎಲೆ ನಿಲ್ಲಲು ಬಿಡದಿದ್ದರೆ ಹಳೆಯ ಗಡ್ಡೆ ತನ್ನ ದಾಸ್ತಾನು ತಾನೇ ತಿಂದು ಬರಿದಾಗುತ್ತದೆ. ಜೇಕಿಗೆ ನೆರಳು ಆಗಿಬರುವುದಿಲ್ಲ ಎಂಬುದೂ ನಮ್ಮ ಪರವಾಗಿದೆ. ಒತ್ತಾಗಿ ಹಬ್ಬಿದ ಕುಂಬಳದ ಅಡಿ ಅದು ಬಡಕಲಾಗಿಬಿಡುತ್ತದೆ.

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ, ಕೈಗವಸು ತೊಟ್ಟು ಕೀಳಿ. ಬರಿಗೈಗೆ ತುರಿಕೆ, ಕಜ್ಜಿ ಬರುತ್ತದೆ, ಹೂಧೂಳಿನಿಂದ ಕೆಲವರಿಗೆ ಉಸಿರಿನ ತೊಂದರೆಯೂ ಆಗುತ್ತದೆ. ಹೂವಾಗದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಆ ಗಿಡದ ಎಲೆ ಮೇಲೆ ಕೆನೆಬಣ್ಣದ ಮೈಗೆ ಕಂದು ಗೆರೆ ಎಳೆದಂಥ ದುಂಬಿ ಕಂಡರೆ ಸಾಯಿಸಬೇಡಿ. ಕಾಂಗ್ರೆಸ್ ಗಿಡ ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತಾನ ಅದು. ಕುಂಬಳದ ಎಳೆ ಎಲೆಯನ್ನು ಜರಡಿ ಮಾಡುವ ದುಂಬಿಯೇ ಬೇರೆ. ಅದಕ್ಕೆ ಗೆರೆಯಿಲ್ಲ, ಮೈಯೆಲ್ಲ ಕಿತ್ತಳೆ ಕೆಂಪು.

ಒಣ ಹೊದಿಕೆ: ಹುಲ್ಲು, ತರಗೆಲೆ, ಸೋಗೆ, ಗರಿ

ಕುಂಬಳಕ್ಕೆ ಎಲ್ಲಕ್ಕಿಂತ ಒಗ್ಗುವ ಹೊದಿಕೆ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕುಂಬಳದ ಬಳ್ಳಿ ಗಿಣ್ಣು ಗಿಣ್ಣಿಗೂ ನೆಲಕ್ಕೆ ಬೇರಿಳಿಸುತ್ತದೆ. ತುದಿಯ ಕಾಯಿಗೆ ಬುಡದ ಬೇರೊಂದೇ ಆಸರೆಯಲ್ಲ, ದಾರಿಯುದ್ದಕ್ಕೂ ಊರಿದ ಈ ಬೇರುಗಳೂ ಉಣಿಸುತ್ತವೆ. ಬುಡಕ್ಕೆ ಹುಳು ಬಿದ್ದರೂ ಬಳ್ಳಿ ಬದುಕಿಕೊಳ್ಳುವುದು ಇವುಗಳಿಂದಲೇ. ಒಣ ಹೊದಿಕೆಯ ಸಂದಿಯಲ್ಲಿ ಆ ಬೇರು ಸಲೀಸಾಗಿ ಇಳಿಯುತ್ತದೆ. ಪ್ಲಾಸ್ಟಿಕ್ ಮೇಲೆ ಇಳಿಯಲು ಜಾಗವೇ ಇಲ್ಲ. ಜೊತೆಗೆ ಬಳ್ಳಿಯ ಸುರುಳಿ ಕುಡಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಬಯಲುಸೀಮೆಯ ಆಷಾಢದ ಗಾಳಿಗೆ, ಹಿಡಿತವಿಲ್ಲದ ಬಳ್ಳಿ ಚಾಪೆ ಮಗುಚಿದಂತೆ ಮಗುಚಿಕೊಂಡು ಹೂಮಿಡಿ ಉದುರಿಸುತ್ತದೆ.

ದಪ್ಪವೇ ಮುಖ್ಯ. ಹಾಸುವಾಗ 10–15 ಸೆಂ.ಮೀ. ಇರಬೇಕು, ಎರಡು ವಾರದಲ್ಲಿ ಅದು ಅರ್ಧಕ್ಕೆ ಕುಸಿಯುತ್ತದೆ. ಎರಡು ಬೆರಳು ದಪ್ಪ ಹಾಸಿದರೆ ಕಳೆ ತಡೆಯುವುದಿರಲಿ, ತೇವ ಕೊಟ್ಟು ಸಾಕಿದಂತಾಗುತ್ತದೆ. ಹತ್ತಡಿಗೆ ಹತ್ತಡಿ ಮಡಿಗೆ 10 ಸೆಂ.ಮೀ. ದಪ್ಪಕ್ಕೆ, ಒತ್ತಿ ತುಂಬಿದ ಗೊಬ್ಬರದ ಚೀಲದ ಲೆಕ್ಕದಲ್ಲಿ ಸುಮಾರು 15 ಚೀಲ ತರಗೆಲೆ ಬೇಕು. ಅಷ್ಟು ಒಟ್ಟಿಗೆ ಸಿಗದಿದ್ದರೆ ಗುಣಿಯ ಸುತ್ತ ಐದಡಿ ಮೊದಲು ಮುಚ್ಚಿ, ಬಳ್ಳಿ ಮುಂದೆ ಹೋದಂತೆ ಅದರ ಮುಂದೆ ಮುಂದೆ ಹಾಸುತ್ತ ಹೋಗಿ. ಎಲ್ಲ ಒಂದೇ ದಿನ ಆಗಬೇಕೆಂದೇನಿಲ್ಲ.

ಸಾಮಾನಿನಲ್ಲಿ ಮೇಲು ಕೀಳು ಇದೆ. ಭತ್ತದ ಹುಲ್ಲು ಒಳ್ಳೆಯದು, ದನ ಇರುವ ಮನೆಯಲ್ಲಿ ಉಳಿಯುವುದಿಲ್ಲ. ರಾಗಿ ಹುಲ್ಲಿನಲ್ಲಿ ಉಳಿದ ಕಾಳು, ಹುಲ್ಲಿನ ಬೀಜ ಮೊಳೆಯುತ್ತವೆ, ಚೆನ್ನಾಗಿ ಒದರಿ ಹಾಸಿ. ಕಬ್ಬಿನ ರವದಿ (ಒಣಗಿದ ಗರಿ) ಮಂಡ್ಯ, ಬೆಳಗಾವಿ ಕಡೆ ಬೇಕಾದಷ್ಟು ಸಿಗುತ್ತದೆ, ಬೇಗ ಕರಗುವುದಿಲ್ಲ, ಕಳೆ ಬೀಜವೂ ವಿರಳ. ತೆಂಗಿನ ಗರಿಯನ್ನು ಎರಡಡಿ ತುಂಡು ಮಾಡಿ ಅಡ್ಡ ಒಂದು ಪದರ, ಉದ್ದ ಒಂದು ಪದರ ಹಾಸಿದರೆ ಗಾಳಿಗೆ ಹಾರುವುದಿಲ್ಲ. ಬೆಳಕು ನುಸುಳುವ ಸಂದಿಗೆ ತರಗೆಲೆ ತುಂಬಬೇಕು. ಮಲೆನಾಡಿನವರಿಗೆ ಅಡಿಕೆ ಸೋಗೆ, ಅಡಿಕೆ ಸಿಪ್ಪೆ ಇದ್ದೇ ಇವೆ. ಮರದ ಹೊಟ್ಟು ಬೇಡವೆನ್ನಲಾಗದು, ಆದರೆ ಮೇಲೆ ಹಾಸಬೇಕು. ಮಣ್ಣಿಗೆ ಬೆರೆತರೆ ಕೊಳೆಯುವಾಗ ಸಾರಜನಕ ಎಳೆದುಕೊಂಡು ಎಲೆ ಹಳದಿಯಾಗಿಸುತ್ತದೆ.

ತಪ್ಪು ನಡೆಯುವುದು ಹೆಚ್ಚಾಗಿ ಬುಡದಲ್ಲಿ. ಕಾಂಡದ ಸುತ್ತ ಒಂದು ಅಂಗೈಯಗಲ ಖಾಲಿ ಬಿಡಿ. ಒದ್ದೆ ಹುಲ್ಲು ಕಾಂಡಕ್ಕೆ ತಾಗಿಕೊಂಡೇ ಇದ್ದರೆ ಬುಡ ಕೊಳೆಯುತ್ತದೆ. ಮಲೆನಾಡು, ಕರಾವಳಿಯ ಜೂನ್–ಜುಲೈ ಮಳೆಯಲ್ಲಿ ದಪ್ಪ ಹುಲ್ಲಿನ ಹೊದಿಕೆ ಬಸವನಹುಳುವಿಗೆ ಮನೆ. ಅಲ್ಲಿ ಮಳೆಗಾಲಕ್ಕೆ ಸಿಪ್ಪೆ, ಗರಿಯಂಥ ನೀರು ಬಸಿಯುವ ಸಾಮಾನು ತೆಳುವಾಗಿರಲಿ, ಕೈಕಳೆ ಜೊತೆಗಿರಲಿ. ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆ ಕುಂಬಳ ಮಾಡುವಾಗ ದಪ್ಪ ಹೊದಿಕೆಗೆ ಭಯವಿಲ್ಲ. ಒಣಸೀಮೆಯ ಕೆಂಪು ಮಣ್ಣಿನಲ್ಲಿ ಗೆದ್ದಲು ಹುಲ್ಲನ್ನು ತಿಂದು ಮುಗಿಸುತ್ತದೆ. ಹಸಿರು ಬಳ್ಳಿಗೆ ಸಾಮಾನ್ಯವಾಗಿ ಕೈಹಾಕುವುದಿಲ್ಲ, ತಿಂಗಳಿಗೊಮ್ಮೆ ಹೊದಿಕೆ ಸೇರಿಸುತ್ತಿರಬೇಕಷ್ಟೆ.

ಪೇಪರು, ರಟ್ಟು

ಗರಿಕೆ ಇರುವ ನೆಲಕ್ಕೆ ಒಣ ಹೊದಿಕೆಯೊಂದೇ ಸಾಲದು. ಅದು ಹುಲ್ಲಿನ ನಡುವಿನಿಂದ ಮೇಲೆದ್ದು ಬರುತ್ತದೆ. ಹೊದಿಕೆಯ ಅಡಿಗೆ ರಟ್ಟು ಹಾಸಿದರೆ ಕತೆ ಬೇರೆ. ಸಾಮಾನು ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿ, ಟೇಪು, ಪಿನ್ನು ಕಿತ್ತು, ನೆಲದ ಹುಲ್ಲನ್ನು ಬುಡಮಟ್ಟ ಕೊಯ್ದು, ನೀರು ಹಾಯಿಸಿ ಹಾಸಿ. ಒಂದರ ಮೇಲೊಂದು ಒಂದು ಗೇಣಿನಷ್ಟು ಹೊಂದಿಕೊಂಡಿರಬೇಕು. ಗರಿಕೆ ಬೆಳಕು ಹುಡುಕಿಕೊಂಡು ಬರುವುದೇ ಆ ಸಂದಿಯಿಂದ. ರಟ್ಟನ್ನು ನೆನೆಸಿ, ಮೇಲೆ ನಾಲ್ಕು ಬೆರಳು ಹುಲ್ಲೋ ಎಲೆಯೋ ಹಾಕಿ.

ದಿನಪತ್ರಿಕೆಯಾದರೆ 8 ಹಾಳೆ ದಪ್ಪ ಬೇಕು. ಗುಣಿಯೊಂದರ ಸುತ್ತ ಒಂದೂವರೆ ಮೀಟರ್ ಚೌಕಕ್ಕೆ ಸುಮಾರು 80 ಬಿಡಿಸಿದ ಹಾಳೆ, ಅಂದರೆ 12 ಪುಟದ ಪತ್ರಿಕೆಯಾದರೆ ಹತ್ತಿರ ಹತ್ತಿರ ಒಂದು ತಿಂಗಳದ್ದು. ಮಿನುಗುವ ಪುರವಣಿ ಹಾಳೆ ಬಿಡಿ. ಗಾಳಿಯಿಲ್ಲದ ಬೆಳಿಗ್ಗೆ, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಹಾಳೆ ಅದ್ದಿ ಅದ್ದಿ ಹಾಸಿದರೆ ಕೆಲಸ ಸಲೀಸು. ಎರಡು ಮೂರು ತಿಂಗಳಲ್ಲಿ ಪೇಪರು ಮಣ್ಣಾಗುತ್ತದೆ, ಅಷ್ಟರೊಳಗೆ ನಮ್ಮ 40 ದಿನ ಮುಗಿದಿರುತ್ತದೆ. ಒಣಗಿದ ರಟ್ಟಿನ ಮೇಲೆ ಬಿದ್ದ ನೀರು ಜಾರಿ ಆಚೆ ಹೋಗುವುದುಂಟು. ಹಾಗಾಗಿ ಗುಣಿಯ ಬಾಯಿ ರಟ್ಟಿಗಿಂತ ತುಸು ತಗ್ಗಿನಲ್ಲಿರಲಿ.

ಮಲ್ಚಿಂಗ್ ಪೇಪರ್ ಮತ್ತು ವೀಡ್ ಮ್ಯಾಟ್

ಹೊಲದಲ್ಲಿ ಕಲ್ಲಂಗಡಿಗೆ ಹಾಸುವ 25–30 ಮೈಕ್ರಾನಿನ ಕಪ್ಪು–ಬೆಳ್ಳಿ ಹಾಳೆಯನ್ನೇ ಎಲ್ಲರೂ ಮಲ್ಚಿಂಗ್ ಪೇಪರ್ ಅನ್ನುವುದು. ಬೆಳ್ಳಿ ಬಣ್ಣ ಮೇಲೆ, ಕಪ್ಪು ಕೆಳಗೆ. ಬೆಳ್ಳಿಯ ಹೊಳಪಿಗೆ ಸಸ್ಯಹೇನು, ಬಿಳಿನೊಣ ಎಳೆಯ ಗಿಡದ ಮೇಲೆ ಇಳಿಯುವುದು ಕಡಿಮೆಯಾಗುತ್ತದೆ. ಕುಂಬಳಕ್ಕೆ ನಂಜಾಣು ರೋಗ ಹೊತ್ತು ತರುವವು ಇವೇ ಆದ್ದರಿಂದ ಇದು ಸಣ್ಣ ಲಾಭವಲ್ಲ. ಬೀಜದ ಕಳೆ ಪೂರ್ತಿ ನಿಲ್ಲುತ್ತದೆ, ನೀರೂ ಉಳಿಯುತ್ತದೆ.

ಆದರೆ ಹಾಳೆಯ ಕೆಳಗೆ ಡ್ರಿಪ್ ಪೈಪು ಇರಲೇಬೇಕು. ಬಿಂದಿಗೆಯಲ್ಲಿ ನೀರು ಹಾಕುವವರಿಗೆ ಇದು ಒಗ್ಗದು. ಜೇಕು ಸೂಜಿಯಂತೆ ಹಾಳೆಯನ್ನು ತೂತು ಮಾಡಿ ಮೇಲೆ ಬರುತ್ತದೆ, ಆಮೇಲೆ ಅದನ್ನು ಕೀಳಲೂ ಆಗದು. ಬಳ್ಳಿ ಬೇರೂರದ ತೊಂದರೆ ಆಗಲೇ ಹೇಳಿದೆವು. ಹಾಸಲೇಬೇಕೆಂದರೆ ಗುಣಿಯ ಸಾಲಿಗೆ 4 ಅಡಿ ಅಗಲದ ಒಂದು ಪಟ್ಟಿ ಮಾತ್ರ ಹಾಸಿ, 8–10 ಸೆಂ.ಮೀ. ತೂತು ಕೊಯ್ದು ಬೀಜ ಊರಿ, ಬಳ್ಳಿ ಹಬ್ಬುವ ನೆಲವನ್ನು ಒಣ ಹೊದಿಕೆಗೆ ಬಿಡಿ. ತೂತಿನ ಅಂಚು ಬಿಸಿಲಿಗೆ ಕಾದು ಎಳೆ ಕಾಂಡಕ್ಕೆ ತಾಗಿದರೆ ಸುಡುತ್ತದೆ, ಅಂಚಿಗೆ ಒಂದು ಹಿಡಿ ಮಣ್ಣು ಹಾಕಿ ಕೂರಿಸಿ. ಬೆಳೆ ಮುಗಿದ ಮೇಲೆ ಚೂರು ಚೂರಾಗುವ ಮುಂಚೆಯೇ ಸುತ್ತಿ ತೆಗೆಯಿರಿ. ಸುಡುವುದು, ಮಣ್ಣಿನಲ್ಲಿ ಬಿಡುವುದು ಎರಡೂ ತಪ್ಪು.

ವೀಡ್ ಮ್ಯಾಟ್, ಅಂದರೆ ಕಳೆ ತಡೆಯಲು ಹಾಸುವ ನೇಯ್ದ ಪ್ಲಾಸ್ಟಿಕ್ ಚಾಪೆ, ನಾಲ್ಕೈದು ವರ್ಷ ಬಾಳುತ್ತದೆ, ನೀರನ್ನೂ ಬಿಡುತ್ತದೆ. ಓಡಾಡುವ ದಾರಿಗೆ, ಬೇಲಿಯ ಅಂಚಿಗೆ ತಕ್ಕದ್ದು. ಗರಿಕೆ ಮಡಿಯೊಳಕ್ಕೆ ಓಡಿ ಬರುವುದು ಸಾಮಾನ್ಯವಾಗಿ ಬೇಲಿಯಿಂದ, ಆದ್ದರಿಂದ ಅಂಚಿಗೆ ಎರಡಡಿ ಮ್ಯಾಟ್ ಹಾಕಿದರೆ ಕಾವಲು ಕೂರಿಸಿದ ಹಾಗೆ.

ಜೀವಂತ ಹೊದಿಕೆ

ಖಾಲಿ ನೆಲಕ್ಕೆ ಕಳೆ ಬರುವ ಬದಲು ನಮಗೆ ಬೇಕಾದದ್ದೇ ಬರಲಿ ಎನ್ನುವ ಲೆಕ್ಕ. ಗುಣಿಯಿಂದ ಎರಡಡಿ ಬಿಟ್ಟು, ಕುಂಬಳ ಊರಿದ ದಿನವೇ ಹರಿವೆಯೋ ದಂಟೋ ಚೆಲ್ಲಿ. ಹತ್ತಡಿ ಚೌಕಕ್ಕೆ ಒಂದು ಚಮಚ ಬೀಜ, ನಾಲ್ಕು ಹಿಡಿ ಮರಳಿನ ಜೊತೆ ಬೆರೆಸಿ. 25–30 ದಿನಕ್ಕೆ ಸೊಪ್ಪು ಕಿತ್ತು ಮುಗಿಸಬಹುದು, ಬಳ್ಳಿ ಬರುವ ಹೊತ್ತಿಗೆ ಜಾಗ ಖಾಲಿ. ಮನೆಬಳಕೆಗೆ ಇದಕ್ಕಿಂತ ಲಾಭದ ಕಳೆ ನಿಯಂತ್ರಣ ಬೇರೊಂದಿಲ್ಲ.

ಸೊಪ್ಪು ಬೇಡದವರು ಅಷ್ಟೇ ಜಾಗಕ್ಕೆ ಅಲಸಂದೆ (60–70 ಗ್ರಾಂ) ಅಥವಾ ಹುರುಳಿ (50 ಗ್ರಾಂ) ಒತ್ತಾಗಿ ಬಿತ್ತಿ, 30–35ನೇ ದಿನ ಬುಡಮಟ್ಟ ಕೊಯ್ದು ಅಲ್ಲೇ ಹಾಸಲಿ. ಬೇರು ಮಣ್ಣಿನಲ್ಲೇ ಉಳಿಯಲಿ. ಇಲ್ಲಿ ತಡಮಾಡಿದರೆ ಕೆಟ್ಟಿತು: ಅಲಸಂದೆ ಕುಂಬಳದ ಮೇಲೆಯೇ ಹತ್ತುತ್ತದೆ. ನೀರು ಕಡಿಮೆ ಇರುವ ಬೇಸಿಗೆ ಬೆಳೆಗೆ ಜೀವಂತ ಹೊದಿಕೆ ಬೇಡ, ಅದು ನೀರಿಗೆ ಪಾಲುದಾರ. ಅಂಥ ಕಡೆ ಗುಣಿಗೆ ಮಾತ್ರ ಬಿಂದಿಗೆಯಲ್ಲೋ ಡ್ರಿಪ್ಪಿನಲ್ಲೋ ನೀರು ಕೊಟ್ಟು ಉಳಿದ ನೆಲವನ್ನು ಒಣಗಿಸಿಯೇ ಇಟ್ಟರೆ ಅರ್ಧ ಕಳೆ ಹುಟ್ಟುವುದೇ ಇಲ್ಲ. ಪೈಪು ಹಿಡಿದು ಮಡಿಯೆಲ್ಲ ತೋಯಿಸುವ ರೂಢಿ ಬಿಡಬೇಕು.

ಔಷಧಿ, ಉಪ್ಪು

ಮನೆಯ ಕುಂಬಳಕ್ಕೆ ಕಳೆನಾಶಕ ಬೇಡ. ಕಳೆಯೂ ಅಗಲ ಎಲೆಯದು, ಕುಂಬಳವೂ ಅಗಲ ಎಲೆಯದು. ಅಗಲ ಎಲೆಯ ಕಳೆ ಕೊಲ್ಲಲು ಹೊಡೆಯುವ 2,4-ಡಿ ಎರಡನ್ನೂ ಬಿಡುವುದಿಲ್ಲ. ಪಕ್ಕದ ಜೋಳ, ಕಬ್ಬಿನ ಹೊಲದಲ್ಲಿ ಹೊಡೆದ 2,4-ಡಿ ಗಾಳಿಯಲ್ಲಿ ತೇಲಿ ಬಂದರೂ ಕುಂಬಳದ ಎಳೆ ಎಲೆ ಕಿರಿದಾಗಿ, ನರಗಳು ಬೀಸಣಿಗೆಯಂತೆ ಒತ್ತಾಗಿ, ಕುಡಿ ತಿರುಚಿಕೊಳ್ಳುತ್ತದೆ. ಇದನ್ನು ನಂಜಾಣು ರೋಗ ಎಂದುಕೊಂಡು ಗಿಡ ಕೀಳುವವರಿದ್ದಾರೆ. ಕಳೆನಾಶಕ ಹೊಡೆದ ಪಂಪಿನಲ್ಲೇ ಬೇವಿನೆಣ್ಣೆ ಹೊಡೆದರೂ ಇದೇ ಗತಿ, ಆ ಪಂಪನ್ನು ತರಕಾರಿ ಮಡಿಗೆ ತರಲೇಬೇಡಿ. ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಬೇರೆ ಯಾರೂ ಬಳಸುವಂತಿಲ್ಲವೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕ ಹೊಟ್ಟೆಗೆ ಹೋದರೆ ಪ್ರತ್ಯೌಷಧವಿಲ್ಲ. ಮಕ್ಕಳು ಆಡುವ ಹಿತ್ತಲಿಗೆ ಅಂಥ ಬಾಟಲಿ ಬರಕೂಡದು.

ಉಪ್ಪುನೀರು ಇನ್ನೂ ಕೆಟ್ಟದ್ದು. ಕಳೆ ಸಾಯುತ್ತದೆ, ಮಣ್ಣೂ ಕೆಡುತ್ತದೆ. ಕುದಿನೀರು ಕಲ್ಲುಹಾಸಿನ ಸಂದಿಗೆ ಸರಿ, ಮಡಿಗೆ ಬೇಡ.

40 ದಿನ ದಾಟಿದ ಮೇಲೆ

ಬಳ್ಳಿ ಹಬ್ಬಿದ ಮೇಲೆ ಕಳೆ ಕೀಳುವುದನ್ನು ನಿಲ್ಲಿಸಿ, ಕತ್ತರಿಸುವುದನ್ನು ಶುರುಮಾಡಿ. ಎಲೆಗಳ ನಡುವೆ ಎದ್ದ ಒಂದು ಮುಳ್ಳುಹರಿವೆಯನ್ನು ಎಳೆದು ನೋಡಿ: ಅದರ ಬೇರಿನ ಜೊತೆ ಕುಂಬಳದ ಗಿಣ್ಣಿನ ಬೇರೂ ಸೇರಿಕೊಂಡಿರುತ್ತದೆ, ಸುರುಳಿ ಕುಡಿ ಅದರ ದಂಟಿಗೇ ಸುತ್ತಿಕೊಂಡಿರುತ್ತದೆ. ಎಳೆದರೆ ಬಳ್ಳಿಯೇ ಮೇಲೇಳುತ್ತದೆ. ಬದಲಿಗೆ ಕುಡುಗೋಲಿನಿಂದಲೋ ಕತ್ತರಿಯಿಂದಲೋ ನೆಲಮಟ್ಟದಲ್ಲಿ ಕೊಯ್ದು, ದಂಟನ್ನು ಕುಡಿಯ ಆಸರೆಗೆ ಅಲ್ಲೇ ಬಿಡಿ. ಬೀಜ ಕಟ್ಟಿದ್ದರೆ ತೆನೆ ಮಾತ್ರ ಹೊರಗೆ ಒಯ್ಯಿರಿ.

ಬಳ್ಳಿಯ ನಡುವಿನ ಕೆಲಸ ಸಂಜೆಗಿರಲಿ. ಕುಂಬಳದ ಹೂ ಬೆಳಗಿನ ಜಾವ ಅರಳಿ ಹತ್ತು ಹನ್ನೊಂದು ಗಂಟೆಯೊಳಗೆ ಮುದುಡುತ್ತದೆ. ಜೇನುನೊಣ ಓಡಾಡುವ ಆ ಹೊತ್ತಿನಲ್ಲಿ ಮಡಿಯೊಳಗೆ ಕಾಲಿಟ್ಟರೆ ಕಾಯಿಗೇ ನಷ್ಟ. ಎಲೆ ಒದ್ದೆಯಿರುವಾಗಲೂ ಒಳಗೆ ಹೋಗಬೇಡಿ, ಬೂಜು ರೋಗ ನಮ್ಮ ಕೈಕಾಲಿನಿಂದಲೂ ಹರಡುತ್ತದೆ. ಕಾಯಿ ತೆಂಗಿನಕಾಯಿಯಷ್ಟಾದಾಗ ಅದರಡಿಗೆ ಅಡಿಕೆ ಹಾಳೆಯ ತುಂಡೋ ಹಂಚಿನ ಚೂರೋ ಇಡಿ. ಹೊದಿಕೆಯ ತೇವಕ್ಕೆ ಕಾಯಿಯ ತಳ ಕೊಳೆಯುವುದಿಲ್ಲ.

ಯಾರಿಗೆ ಯಾವುದು

ಎರಡು ಮೂರು ಗುಣಿ, ಬೀಜದ ಕಳೆ ಮಾತ್ರ: ಹುಸಿ ಬಿತ್ತನೆ, ಸುತ್ತ ಹರಿವೆ, ಮೂರು ಕೈಕಳೆ. ಖರ್ಚು ಬೀಜದ್ದಷ್ಟೇ.

ಗರಿಕೆ ತುಂಬಿದ ಹೊಸ ಜಾಗ: ಬೇಸಿಗೆಯಲ್ಲಿ ಅಗೆದು ಬೇರು ಬಿಸಿಲಿಗೆ ಹರವಿ ಒಣಗಿಸಿ ಆರಿಸಿ, ಬಿತ್ತುವ ಹೊತ್ತಿಗೆ ರಟ್ಟು, ಅದರ ಮೇಲೆ ಒಣ ಹೊದಿಕೆ, ಬೇಲಿಯಂಚಿಗೆ ಮ್ಯಾಟ್.

ವಾರಕ್ಕೊಮ್ಮೆ ಮಾತ್ರ ತೋಟಕ್ಕೆ ಹೋಗುವವರು: ಡ್ರಿಪ್ ಇದ್ದರೆ ಗುಣಿಯ ಸಾಲಿಗೆ ಮಲ್ಚಿಂಗ್ ಪೇಪರ್, ಮಿಕ್ಕ ನೆಲಕ್ಕೆ ರವದಿಯೋ ಗರಿಯೋ. ಡ್ರಿಪ್ ಇಲ್ಲದಿದ್ದರೆ ದಿನಪತ್ರಿಕೆ ಮತ್ತು ಹುಲ್ಲು.

ಮಲೆನಾಡು, ಕರಾವಳಿಯ ಮಳೆಗಾಲ: ಏರುಮಡಿ, ತೆಳು ಸಿಪ್ಪೆ, ಹದಿನೈದು ದಿನಕ್ಕೊಮ್ಮೆ ಕೈಕಳೆ. ಅಲ್ಲಿ ಬೇಸಿಗೆ ಬೆಳೆಗೆ ಕಳೆಯ ಕಾಟವೇ ಅರ್ಧ.

ಜೇಕು ತುಂಬಿದ ನೆಲ: ಒಂದೇ ಹಂಗಾಮಿನಲ್ಲಿ ಮುಗಿಯುವುದಿಲ್ಲ. ಮೊದಲ ವರ್ಷ ಗಡ್ಡೆ ಆರಿಸಿ, ಗುಣಿಗಳನ್ನು ತುಸು ಹತ್ತಿರ, ಒಂದೂವರೆ ಮೀಟರಿಗೆ ಹಾಕಿ, ಬೇಗ ನೆರಳು ಬೀಳುವಂತೆ ಮಾಡಿ, 12 ದಿನಕ್ಕೊಮ್ಮೆ ಗರಿ ಕೀಳಿ. ಕುಂಬಳದ ಕೊಯ್ಲು ಮುಗಿದು ಬಳ್ಳಿ ತೆಗೆದ ಕೂಡಲೇ ಅದೇ ನೆಲಕ್ಕೆ ಅಲಸಂದೆಯೋ ಹಸಿರೆಲೆ ಗೊಬ್ಬರದ ಅಪ್ಸೆಣಬೋ ಒತ್ತಾಗಿ ಬಿತ್ತಿ. ಬಳ್ಳಿ ತೆಗೆದ ಮೇಲೆ ಹದಿನೈದು ದಿನ ನೆಲ ಬರಿದಾಗಿ ಬಿಸಿಲಿಗೆ ಬಿದ್ದರೆ, ನೆರಳಲ್ಲಿ ಸೊರಗಿದ್ದ ಜೇಕು ಆ ಹದಿನೈದು ದಿನದಲ್ಲೇ ಮತ್ತೆ ಮೈತುಂಬಿಕೊಂಡು ಹೊಸ ಗಡ್ಡೆಗೆ ಕೈಹಾಕುತ್ತದೆ.